ಹೋಲಿಕೆ ಬಂದಿದೆ, ಭಾವ ಯಾಕೆ ಬಂದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಗಣಿತ ಟೀಚರ್. ನಾಲ್ಕು ವರ್ಷದಿಂದ ಯೂಟ್ಯೂಬ್ ನೋಡಿಕೊಂಡು ಪೋರ್ಟ್ರೇಟ್ ಕಲಿಯುತ್ತಿದ್ದೇನೆ. ಬಸ್ ಡ್ರೈವರ್ ಆಗಿದ್ದ ನಮ್ಮಪ್ಪ ಹೋದ ವರ್ಷ ತೀರಿಕೊಂಡರು. ವರ್ಷದ ತಿಥಿಗೆ ಇನ್ನು ಮೂರು ತಿಂಗಳಿದೆ. ಅವರ ಐಡಿ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ, ಚೌಕಳಿ ಹಾಕಿ, 16x20 ಇಂಚಿನ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಬರೆದೆ. ಅಳತೆ ಸರಿಯಿದೆ. ನೋಡಿದವರೆಲ್ಲ ಗುರುತು ಹಿಡಿಯುತ್ತಾರೆ. ಆದರೆ ಅಮ್ಮ ನೋಡಿ, “ನಿಮ್ಮಪ್ಪ ಯಾಕೆ ಹಿಂಗೆ ಹೆದರ್ಕೊಂಡು ಕೂತವ್ರೆ?” ಅಂದರು. ಅಪ್ಪ ಹೆದರುವವರಲ್ಲ. ಮಾತು ಕಡಿಮೆ, ಒಳಗೊಳಗೇ ತಮಾಷೆ ಜಾಸ್ತಿ. ಅದೇ ಬರಬೇಕಿತ್ತು. ಸ್ನೇಹಿತರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಣ್ಣಿಗೆ ಹೊಳಪು ಜಾಸ್ತಿ ಕೊಡು, ಹಿಂದೆ ನೀಲಿ ಬಳಿ, ಆಯಿಲ್ ಪೇಂಟ್‌ನಲ್ಲಿ ಮಾಡಿದರೇ ಭಾವ ಬರೋದು, ಬ್ರಷ್ ಬಿಟ್ಟು ಬಣ್ಣ ಬಳಿಯುವ ನೈಫ್ ಹಿಡಿ ಅಂತ. ಯಾವುದು ಸರಿ? ಇದನ್ನೇ ತಿದ್ದಲಾ, ಹೊಸದು ಶುರು ಮಾಡಲಾ?

ಉತ್ತರ: ನೀವು ಕಳಿಸಿದ ಚಿತ್ರ ಮತ್ತು ಆ ಐಡಿ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲು ಒಂದು ಮಾತು. ಸ್ನೇಹಿತರ ನಾಲ್ಕು ಸಲಹೆಗಿಂತ ನಿಮ್ಮ ಅಮ್ಮನ ಒಂದು ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರು ‘ಏನೋ ಸರಿಯಿಲ್ಲ’ ಅನ್ನಲಿಲ್ಲ. ‘ಹೆದರಿಕೊಂಡಿದ್ದಾರೆ’ ಅಂದರು. ನಿಮ್ಮ ಚಿತ್ರದಲ್ಲಿ ಭಾವ ಇಲ್ಲ ಅಂತ ನೀವು ಕೊರಗುತ್ತಿದ್ದೀರಿ. ನಿಜ ಏನೆಂದರೆ ಅದರಲ್ಲಿ ಭಾವ ಇದೆ, ಚೆನ್ನಾಗಿಯೇ ಇದೆ, ಆದರೆ ಅದು ನಿಮ್ಮಪ್ಪನದ್ದಲ್ಲ. ಫೋಟೋ ಸ್ಟುಡಿಯೋದ ಸ್ಟೂಲ್ ಮೇಲೆ ಕೂತ ಎಲ್ಲರದ್ದೂ. ಅದನ್ನು ನೀವು ಅಷ್ಟು ಪ್ರಾಮಾಣಿಕವಾಗಿ ನಕಲು ಮಾಡಿದ್ದೀರಿ.

ಐಡಿ ಫೋಟೋ ತೆಗೆಯುವುದೇ ಭಾವ ತೆಗೆದುಹಾಕಲಿಕ್ಕೆ ಅಲ್ವಾ? ನೇರ ನೋಡಿ, ನಗಬೇಡಿ, ಗಲ್ಲ ಮೇಲೆತ್ತಿ, ಅಲ್ಲಾಡಬೇಡಿ. ಬೆಳಕು ಎದುರಿನಿಂದಲೇ ಬೀಳುತ್ತದೆ. ಹಾಗಾಗಿ ಮುಖದಲ್ಲಿ ನೆರಳೇ ಇರುವುದಿಲ್ಲ. ಮೂಗು, ಕೆನ್ನೆ, ಹಣೆ ಎಲ್ಲ ಚಪ್ಪಟೆ. ಹಿಂದೆ ಖಾಲಿ ಬಿಳಿ ಪರದೆ. ಭುಜ ಎರಡೂ ಸಮ. ಗುರುತು ಹಿಡಿಯಲು ಬೇಕಾದ್ದೆಲ್ಲ ಅದರಲ್ಲಿದೆ. ಆ ಮನುಷ್ಯ ಹೇಗಿದ್ದರು ಅಂತ ಹೇಳುವ ಒಂದೂ ಸುಳಿವಿಲ್ಲ. ಗಣಿತದವರಿಗೆ ಚೌಕಳಿ ಹಾಕಿ ಬರೆಯುವುದು ಸುಲಭ, ಆದರೆ ಚೌಕಳಿ ಹೋಲಿಕೆಯನ್ನಷ್ಟೇ ತರುತ್ತದೆ.

ಇದು ಹೊಸ ವಿಚಾರವೂ ಅಲ್ಲ. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರ ಚಿತ್ರಕಲೆಯ ಆರು ಅಂಗಗಳನ್ನು ಹೇಳುತ್ತಾನೆ. ಅದರಲ್ಲಿ ಸಾದೃಶ್ಯ ಒಂದು, ಭಾವ ಇನ್ನೊಂದು. ಹೋಲಿಕೆ ಬಂದ ಮೇಲೆ ಭಾವ ತಾನಾಗಿ ಬರುತ್ತದೆ ಅಂತ ಅವನು ಎಲ್ಲೂ ಹೇಳಿಲ್ಲ. ಎರಡಕ್ಕೂ ಬೇರೆ ಬೇರೆ ಕೆಲಸ ಮಾಡಬೇಕು.

ಈಗ ಹೆದರಿಕೆ ಎಲ್ಲಿಂದ ಬಂತು ನೋಡೋಣ. ನಿಮ್ಮ ಚಿತ್ರದಲ್ಲಿ ಕಣ್ಣಿನ ಕರಿಗುಡ್ಡೆ ಪೂರ್ತಿ ದುಂಡಗೆ ಕಾಣುತ್ತದೆ. ಅದರ ಮೇಲೂ ಒಂದು ಎಳೆ ಬಿಳಿ ಇದೆ. ಇದು ಕಲಿಯುವವರು ಬಹಳ ಮಂದಿ ಮಾಡುವ ಕೆಲಸ. ಕರಿಗುಡ್ಡೆ ವೃತ್ತಾಕಾರ ಅಂತ ತಲೆಗೆ ಗೊತ್ತು, ಹಾಗಾಗಿ ಕೈ ವೃತ್ತ ಬರೆಯುತ್ತದೆ. ಆದರೆ ಸಮಾಧಾನವಾಗಿ ಕೂತವರ ಮೇಲಿನ ರೆಪ್ಪೆ ಕರಿಗುಡ್ಡೆಯ ಮೇಲಂಚನ್ನು ಸ್ವಲ್ಪ ಮುಚ್ಚಿರುತ್ತದೆ. ಮೇಲೆ ಬಿಳಿ ಕಾಣುವುದು ಬೆಚ್ಚಿದಾಗ, ಹೆದರಿದಾಗ, ಸಿಟ್ಟು ಬಂದಾಗ. ಕನ್ನಡಿ ಮುಂದೆ ನಿಂತು ಮಾಡಿ ನೋಡಿ, ಗೊತ್ತಾಗುತ್ತದೆ. ಅಕ್ಕಿಕಾಳಿನ ಅಗಲಕ್ಕಿಂತ ಕಡಿಮೆ ಜಾಗ ಅದು, ಅಷ್ಟರಲ್ಲೇ ಮುಖದ ಅರ್ಥ ಬದಲಾಗುತ್ತದೆ.

ಎರಡನೆಯದು ಕಣ್ಣಿನ ಬಿಳಿ. ನೀವು ಅಲ್ಲಿ ಟ್ಯೂಬಿನಿಂದ ಬಂದ ಬಿಳಿಯನ್ನೇ ಹಾಕಿದ್ದೀರಿ. ಕಣ್ಣಿನ ಬಿಳಿಭಾಗ ದುಂಡಗಿನ ಗುಡ್ಡೆ. ಅದರ ಮೇಲೆ ರೆಪ್ಪೆಯ ನೆರಳು ಬೀಳುತ್ತದೆ. ಹೆಚ್ಚಿನ ಮುಖಗಳಲ್ಲಿ ಅದು ಬೂದು, ಕೆಲವರಲ್ಲಿ ತಿಳಿ ಕಂದು, ವಯಸ್ಸಾದವರಲ್ಲಿ ಸ್ವಲ್ಪ ಹಳದಿ. ಮೂರನೆಯದು ಹೊಳಪಿನ ಚುಕ್ಕೆ. ಫ್ಲ್ಯಾಶ್ ಎದುರಿನಿಂದ ಹೊಡೆದಿದ್ದರಿಂದ ಆ ಚುಕ್ಕೆ ಪಾಪೆಯ ನಟ್ಟನಡುವೆ ಕೂತಿದೆ. ಕತ್ತಲಲ್ಲಿ ಹೆಡ್‌ಲೈಟ್ ಬಿದ್ದ ಮೊಲದ ಹಾಗೆ. ಸ್ನೇಹಿತರು ಹೊಳಪು ಜಾಸ್ತಿ ಮಾಡು ಅಂದಿದ್ದಾರಲ್ಲ, ದಯವಿಟ್ಟು ಮಾಡಬೇಡಿ. ಕಡಿಮೆ ಮಾಡಿ. ಬೆಳಕು ಬರುವ ಕಡೆಗೆ, ಮೇಲಂಚಿಗೆ ಸರಿಸಿ. ಎರಡೂ ಕಣ್ಣಿಗೆ ಒಂದೇ ಪ್ರಮಾಣದ ಹೊಳಪೂ ಬೇಡ. ನೆರಳಿನ ಕಡೆಯ ಕಣ್ಣಿಗೆ ಮಂದ ಸಾಕು.

‘ಕಣ್ಣೇ ಎಲ್ಲ’ ಅನ್ನುವ ಮಾತಿದೆಯಲ್ಲ, ಅದು ಅರ್ಧ ಸತ್ಯ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಧ್ಯಾನಕ್ಕೆ ಬಿಲ್ಲಿನಾಕಾರದ ಕಣ್ಣು, ಪ್ರೇಮಿಗಳಿಗೆ ಮೀನಿನ ಹೊಟ್ಟೆಯಂಥ ಕಣ್ಣು ಅಂತ ಭಾವಕ್ಕೊಂದು ಆಕಾರ ಹೇಳಿದ್ದಾರೆ. ಗಮನಿಸಿ, ಅಲ್ಲಿ ಲೆಕ್ಕಕ್ಕೆ ಬರುವುದು ರೆಪ್ಪೆಗಳು ಮಾಡುವ ಆಕಾರ. ಹೊಳಪಲ್ಲ.

ಇನ್ನು ತಮಾಷೆ. ನಿಮ್ಮಪ್ಪನ ಒಳನಗು. ನೀವು ತುಟಿಯ ಎರಡೂ ತುದಿಯನ್ನು ಸ್ವಲ್ಪ ಮೇಲೆತ್ತಿ ಪ್ರಯತ್ನಿಸಿದ್ದೀರಿ, ತಿದ್ದಿದ ಗುರುತು ಕಾಣುತ್ತದೆ. ನಗು ತುಟಿಯಲ್ಲಿ ಮಾತ್ರ ಇರುವುದಿಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಇದನ್ನು ತೋರಿಸಿದ್ದಾನೆ. ಮನಸ್ಸಿನಿಂದ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ. ಕೆನ್ನೆ ಏರುತ್ತದೆ, ಕೆಳರೆಪ್ಪೆ ತುಸು ಉಬ್ಬುತ್ತದೆ, ಕಣ್ಣಿನ ಮೂಲೆಯಲ್ಲಿ ಗೆರೆ ಬೀಳುತ್ತವೆ. ತುಟಿ ಮಾತ್ರ ಎಳೆದರೆ ಅದು ಸುಮ್ನೆ ಕ್ಯಾಮೆರಾಗೆ ಕೊಟ್ಟ ನಗು. ಹಾಗಾಗಿ ತುಟಿಯನ್ನು ಮೊದಲಿದ್ದ ಹಾಗೇ ಬಿಟ್ಟು ಕೆಳರೆಪ್ಪೆಯಲ್ಲಿ ಕೆಲಸ ಮಾಡಿ. ತುಟಿ ಮುಚ್ಚಿಯೇ ಇರಲಿ. ಮಾತು ಕಡಿಮೆ ಇದ್ದವರು ಕಣ್ಣಲ್ಲೇ ನಗುತ್ತಾರೆ, ನಿಮಗೂ ಗೊತ್ತಿರುತ್ತದೆ.

ತುಟಿಯ ಕೊನೆಗಳನ್ನು ಚೂಪಾಗಿ ಬರೆಯುವುದನ್ನೂ ಬಿಡಿ. ಲಿಯೊನಾರ್ಡೊ ಸುಮಾರು 1503ರಲ್ಲಿ ಶುರು ಮಾಡಿದ ಮೋನಾ ಲಿಸಾ ನೋಡಿ. ಬಾಯಿಯ ಕೊನೆ ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಹೇಳುವುದಕ್ಕೇ ಆಗುವುದಿಲ್ಲ. ತೆಳು ಪದರದ ಮೇಲೆ ತೆಳು ಪದರ ಹಾಕಿ ಹೊಗೆಯ ಹಾಗೆ ಕರಗಿಸಿದ್ದಾನೆ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದಕ್ಕೆ ಒಂದು ವಿವರಣೆ ಕೊಟ್ಟಿದ್ದಾರೆ. ನೇರ ನೋಟಕ್ಕೆ ಸೂಕ್ಷ್ಮ ಗೆರೆಗಳು ಸಿಗುತ್ತವೆ, ಓರೆನೋಟಕ್ಕೆ ಮಸುಕು ನೆರಳುಗಳು ಸಿಗುತ್ತವೆ. ಮೋನಾ ಲಿಸಾಳ ನಗು ಇರುವುದು ಮಸುಕು ನೆರಳಿನಲ್ಲಿ. ಅದಕ್ಕೇ ಕಣ್ಣು ನೋಡುವಾಗ ನಕ್ಕ ಹಾಗಿರುತ್ತಾಳೆ, ತುಟಿ ನೋಡಿದರೆ ನಗು ಕಡಿಮೆಯಾಗುತ್ತದೆ. ಒಳನಗು ಬರೆಯಬೇಕು ಅಂದರೆ ಇದಕ್ಕಿಂತ ಒಳ್ಳೆ ಪಾಠ ಇನ್ನಿಲ್ಲ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳಕು. ಹಾಸನದಿಂದ ಮೈಸೂರು ದೂರವಲ್ಲ. ಒಂದು ಭಾನುವಾರ ಜಗನ್ಮೋಹನ ಅರಮನೆಗೆ ಹೋಗಿ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ರವಿವರ್ಮನದ್ದು ಅಂತ ಎಷ್ಟೋ ಜನ ಇವತ್ತಿಗೂ ಹೇಳುತ್ತಾರೆ. ಅದು ಎಸ್. ಎಲ್. ಹಳದಂಕರ್ 1940ರ ದಶಕದಲ್ಲಿ ಬರೆದದ್ದು, ರೂಪದರ್ಶಿಯಾಗಿ ನಿಂತವರು ಅವರ ಮಗಳೇ. ಅಲ್ಲಿ ಮುಖ ಏನೂ ‘ಮಾಡುತ್ತಿಲ್ಲ’. ನಗುವೂ ಇಲ್ಲ, ದುಃಖವೂ ಇಲ್ಲ. ಆದರೂ ನೋಡಿದವರು ಹತ್ತು ನಿಮಿಷ ಅಲ್ಲಿಂದ ಕದಲುವುದಿಲ್ಲ. ಒಂದು ಕೈ ದೀಪ ಹಿಡಿದಿದೆ, ಇನ್ನೊಂದು ಅದಕ್ಕೆ ಮರೆಯಾಗಿದೆ. ಬೆರಳ ಸಂದಿಯಿಂದ ಬೆಳಕು ಕೆಂಪಗೆ ಸೋರುತ್ತದೆ, ಕೆಳಗಿನಿಂದ ಮುಖಕ್ಕೆ ಏರುತ್ತದೆ. ಭಾವದ ಕೆಲಸವನ್ನೆಲ್ಲ ಬೆಳಕೇ ಮಾಡಿದೆ. ಇನ್ನೊಂದು ವಿಷಯ, ಆ ಚಿತ್ರ ಜಲವರ್ಣದ್ದು. ಆಯಿಲ್ ಇದ್ದರೇ ಭಾವ ಅಂದ ನಿಮ್ಮ ಸ್ನೇಹಿತರನ್ನು ಜೊತೆಗೇ ಕರೆದುಕೊಂಡು ಹೋಗಿ.

ಡಚ್ ಕಲಾವಿದ ರೆಂಬ್ರಾಂಟ್ ಮಾಡಿದ್ದು ಬೇರೆ ರೀತಿ. ಬೆಳಕು ಮೇಲಿನಿಂದ, ಒಂದು ಬದಿಯಿಂದ. ಮುಖದ ಅರ್ಧ ನೆರಳಲ್ಲಿ. ನೆರಳಿನ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನದಷ್ಟು ಬೆಳಕು. ಫೋಟೋಗ್ರಾಫರುಗಳು ಇವತ್ತಿಗೂ ಆ ಬೆಳಕಿಗೆ ಅವನ ಹೆಸರನ್ನೇ ಹೇಳುತ್ತಾರೆ. ಸಾಯುವ ವರ್ಷ, 1669ರಲ್ಲಿ, 63ನೇ ವಯಸ್ಸಿನಲ್ಲಿ ಬರೆದುಕೊಂಡ ತನ್ನ ಚಿತ್ರದಲ್ಲಿ ಬೆಳಕು ಬಿದ್ದಿರುವುದು ಮುಖದ ಮೇಲೆ. ಬಟ್ಟೆ, ಕೈ ಎಲ್ಲ ಕಂದು ನೆರಳಿಗೆ ಜಾರಿವೆ. ನೋಡುವವರು ಆ ನೆರಳಲ್ಲಿ ತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ನೀವು ಗುಂಡಿಯ ಹೊಲಿಗೆಯನ್ನೂ ಬಿಡದೆ ಬರೆದಿದ್ದೀರಿ. ತುಂಬಿಕೊಳ್ಳಲು ಜಾಗವೇ ಇಲ್ಲ.

ನೀಲಿ ವಿಷಯಕ್ಕೆ ಬರೋಣ. ಪಿಕಾಸೊ 1901ರಿಂದ 1904ರವರೆಗೆ ಗೆಳೆಯನ ಸಾವಿನ ನಂತರ ನೀಲಿಯಲ್ಲೇ ಬರೆದ, ನಿಜ. ಅದನ್ನೇ ಹಿಡಿದು ‘ನೀಲಿ ಅಂದರೆ ದುಃಖ’ ಅನ್ನುವವರಿದ್ದಾರೆ. ಹಾಗಿದ್ದರೆ ನಮ್ಮ ಕೃಷ್ಣ ಮೂರು ಹೊತ್ತೂ ಅಳುತ್ತಿರಬೇಕಿತ್ತು. ಇಂಗ್ಲೆಂಡಿನ ಗೇನ್ಸ್‌ಬರೊ ಸುಮಾರು 1770ರಲ್ಲಿ ಬರೆದ ನೀಲಿ ಉಡುಪಿನ ಹುಡುಗ ಎದೆಯುಬ್ಬಿಸಿ ನಿಂತಿದ್ದಾನೆ. ಇನ್ನೊಂದು ಕಡೆ ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ಮೂವರು ಹುಡುಗಿಯರನ್ನು ನೋಡಿ. ಕೆಂಪು, ಹಸಿರು ಬಟ್ಟೆ, ಹಬ್ಬಕ್ಕೆ ಉಟ್ಟ ಹಾಗಿದೆ. ಆದರೂ ಎದೆ ಭಾರವಾಗುತ್ತದೆ. ಯಾಕೆ? ಮೂವರೂ ನಮ್ಮನ್ನು ನೋಡುತ್ತಿಲ್ಲ. ಒಬ್ಬರನ್ನೊಬ್ಬರೂ ನೋಡುತ್ತಿಲ್ಲ. ಹಿಂದೆ ಏನೂ ಇಲ್ಲ. ಬಣ್ಣ ಒಂದೇ ಏನೂ ಹೇಳುವುದಿಲ್ಲ. ಎಷ್ಟು ಗಾಢ, ಎಷ್ಟು ತಿಳಿ, ಪಕ್ಕದಲ್ಲಿ ಯಾವ ಬಣ್ಣ ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ಚಿತ್ರದ ಹಿಂದೆ ಕಡು ನೀಲಿ ಬಳಿದರೆ ಹೆದರಿದ ಮುಖ ಇನ್ನೂ ಮುಂದೆ ಬಂದು ನಿಲ್ಲುತ್ತದೆ, ಅಷ್ಟೇ.

ನೈಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒರಟು ಮೇಲ್ಮೈ, ಕಳವಳ, ಗಾಳಿ ಮಳೆ ತಡೆದುಕೊಂಡ ಮುಖ ಇವಕ್ಕೆ ಚೆನ್ನಾಗಿ ಒದಗುತ್ತದೆ. ಮುಚ್ಚಿದ ತುಟಿಯ ಒಳನಗುವಿಗೆ ಅಲ್ಲ. ಮೂರು ತಿಂಗಳಲ್ಲಿ ಹೊಸ ಉಪಕರಣ ಕಲಿಯುವ ಸಾಹಸವೂ ಬೇಡ.

ಮುಖ ಬಿಟ್ಟು ಮೈ ನೋಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ. ವ್ಯಾನ್ ಗೋ 1890ರ ಜೂನ್‌ನಲ್ಲಿ ಡಾಕ್ಟರ್ ಗಾಶೆಯನ್ನು ಬರೆದ. ಮುಷ್ಟಿಗೆ ಕೆನ್ನೆ ಆನಿಸಿ ಮೇಜಿನ ಮೇಲೆ ವಾಲಿದ್ದಾನೆ. ಆ ವಾಲುವಿಕೆ ಚಿತ್ರವನ್ನು ಮೂಲೆಯಿಂದ ಮೂಲೆಗೆ ಕೊಯ್ಯುತ್ತದೆ. ಮುಖವನ್ನು ಬೆರಳಿನಿಂದ ಮುಚ್ಚಿ ನೋಡಿದರೂ ದಣಿವು ಕಾಣುತ್ತದೆ. ಜರ್ಮನಿಯ ಕೇಟೆ ಕೋಲ್ವಿಟ್ಸ್ ಹಣೆಗೆ ಕೈ ಕೊಟ್ಟು ತನ್ನನ್ನು ತಾನು ಬರೆದುಕೊಂಡ ಚಿತ್ರಗಳಲ್ಲೂ ಇದೇ. ಮಗನನ್ನು 1914ರ ಯುದ್ಧದಲ್ಲಿ ಕಳೆದುಕೊಂಡವಳು ಅವಳು. ಅವಳ ಚಿತ್ರಗಳಲ್ಲಿ ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣ ಅಪರೂಪ. ನಮ್ಮ ಉಡುಪಿ ಸೀಮೆಯ ಕೆ. ಕೆ. ಹೆಬ್ಬಾರರು ಬರೀ ಗೆರೆಯಲ್ಲಿ ಕುಣಿತ ತರುತ್ತಿದ್ದರು. ಗೆರೆಯ ವೇಗವೇ ಅಲ್ಲಿ ಭಾವ. ನಿಮ್ಮಪ್ಪ ಹೇಗೆ ಕೂರುತ್ತಿದ್ದರು? ಇಪ್ಪತ್ತು ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರ ಭುಜ ಐಡಿ ಫೋಟೋದ ಹಾಗೆ ಸಮ ಇರುವುದಿಲ್ಲ. ಮಾತಾಡುವಾಗ ತಲೆ ಯಾವ ಕಡೆ ವಾಲುತ್ತಿತ್ತು? ಗಲ್ಲ ಒಳಗಿತ್ತಾ? ಅಮ್ಮನನ್ನು ಕೇಳಿ. ಮಾತಲ್ಲಿ ಹೇಳಲು ಬರದಿದ್ದರೆ ‘ಮಾಡಿ ತೋರಿಸಮ್ಮ’ ಅನ್ನಿ. ಮಾಡಿ ತೋರಿಸುತ್ತಾರೆ.

ಈಗ ತಿದ್ದುವುದಾ, ಹೊಸದಾ?

ತಿದ್ದುವುದಕ್ಕೆ ಅಕ್ರಿಲಿಕ್ ಒಳ್ಳೆಯದೇ, ಬೇಗ ಒಣಗುತ್ತದೆ. ರೆಪ್ಪೆ ಇಳಿಸಿ, ಕಣ್ಣಿನ ಬಿಳಿಯನ್ನು ಬೂದು ಮಾಡಿ, ಚುಕ್ಕೆ ಸರಿಸಿ. ಅದಷ್ಟೇ ಮಾಡಿದರೂ ಹೆದರಿಕೆ ಹೋಗುತ್ತದೆ. ಅದರ ಮೇಲೆ ಗ್ಲೇಜಿಂಗ್ ಮೀಡಿಯಂನಲ್ಲಿ (ಬಣ್ಣವನ್ನು ತೆಳು, ಪಾರದರ್ಶಕ ಮಾಡುವ ದ್ರವ) ಬರ್ಂಟ್ ಅಂಬರ್ ಅನ್ನುವ ಕಡು ಕಂದು ಮತ್ತು ಸ್ವಲ್ಪ ಅಲ್ಟ್ರಾಮರೀನ್ ನೀಲಿ ಬೆರೆಸಿ ಮುಖದ ಒಂದು ಬದಿಗೆ, ಭುಜಕ್ಕೆ, ಕಿವಿಗೆ ತೆಳು ನೆರಳಿನ ಪದರ ಕೊಡಬಹುದು. ಶರ್ಟಿನ ಅಂಚನ್ನು ಅಲ್ಲಲ್ಲಿ ಹಿನ್ನೆಲೆಗೆ ಕರಗಿಸಿ. ವರ್ಮೀರನ ಮುತ್ತಿನೋಲೆಯ ಹುಡುಗಿಯ ಮೂಗಿನ ಒಂದು ಬದಿಗೆ ಗೆರೆಯೇ ಇಲ್ಲ, ಅದು ಕೆನ್ನೆಯಲ್ಲೇ ಸೇರಿಹೋಗಿದೆ. ಅಷ್ಟು ಧೈರ್ಯ ಮಾಡಬಹುದು. ಅಪಾಯ ಏನೆಂದರೆ ಅಕ್ರಿಲಿಕ್ ಒಣಗಿದ ಮೇಲೆ ಇನ್ನಷ್ಟು ಗಾಢವಾಗುತ್ತದೆ. ಒಂದೇ ಸಲ ದಪ್ಪ ಹಾಕಿದರೆ ಮುಖ ಕೊಳೆಯಾದ ಹಾಗೆ ಕಾಣುತ್ತದೆ. ಇನ್ನೊಂದು ಅಪಾಯ ದೊಡ್ಡದು. ಎದುರು ಬೆಳಕಿನಲ್ಲಿ ಬರೆದ ಮುಖಕ್ಕೆ ಬದಿಯ ನೆರಳು ಅಂಟಿಸಿದರೆ ಮೂಗು, ಹುಬ್ಬಿನ ಮೂಳೆ ಇವುಗಳ ನೆರಳು ತಾಳೆಯಾಗುವುದಿಲ್ಲ. ಅನುಭವ ಇದ್ದವರಿಗೂ ಕಷ್ಟ ಅದು.

ನನ್ನ ಮನಸ್ಸು ಹೊಸದರ ಕಡೆಗಿದೆ. ಮೂರು ತಿಂಗಳು ಸಾಕು. ಆದರೆ ಕ್ಯಾನ್ವಾಸ್ ಮೊದಲು ಮುಟ್ಟಬೇಡಿ. ಮದುವೆ, ಪ್ರವಾಸ, ಡಿಪೋ ಸಮಾರಂಭ, ಯಾರದೋ ಗುಂಪು ಫೋಟೋದ ಮೂಲೆ, ಮೊಬೈಲ್ ವಿಡಿಯೋ ಹೀಗೆ ಅಪ್ಪ ಕ್ಯಾಮೆರಾ ನೋಡದೆ ಇರುವ ಚಿತ್ರಗಳನ್ನು ಹುಡುಕಿ. ಮಸುಕಾಗಿದ್ದರೂ ಪರವಾಗಿಲ್ಲ. ಭಂಗಿ ಅದರಿಂದ ಬರುತ್ತದೆ, ವಿವರ ಐಡಿ ಫೋಟೋದಿಂದ ಬರುತ್ತದೆ. ಹತ್ತಿರದಿಂದ ತೆಗೆದ ಸೆಲ್ಫಿಯನ್ನು ಮಾತ್ರ ನಂಬಬೇಡಿ, ಅದರಲ್ಲಿ ಮೂಗು ಇದ್ದದ್ದಕ್ಕಿಂತ ದೊಡ್ಡದಾಗಿ, ಕಿವಿ ಹಿಂದೆ ಹೋಗಿರುತ್ತದೆ.

ಬೇರೆ ಬೇರೆ ಫೋಟೋ ಸೇರಿಸುವಾಗ ಬೆಳಕಿನ ದಿಕ್ಕು ಬೇರೆಯಾಗಿರುತ್ತದೆ. ಅದಕ್ಕೊಂದು ಹಳೇ ಉಪಾಯ ಇದೆ. ಅಪ್ಪನ ತಮ್ಮನೋ, ಅಣ್ಣನೋ, ಮುಖದ ಕಟ್ಟು ಹೋಲುವ ಯಾರಾದರೂ ಇದ್ದರೆ ಅವರನ್ನು ಕಿಟಕಿಯ ಪಕ್ಕ, ಅಪ್ಪ ಕೂರುತ್ತಿದ್ದ ಹಾಗೆ ಕೂರಿಸಿ. ನೆರಳು ಎಲ್ಲಿ ಬೀಳುತ್ತದೆ ಅಂತ ಇದ್ದಿಲಿನಲ್ಲಿ ಬರೆದುಕೊಳ್ಳಿ. ಅಪಾಯ ಗೊತ್ತೇ ಇದೆ. ಚಿಕ್ಕಪ್ಪನ ಮುಖ ಚಿತ್ರದೊಳಗೆ ನುಸುಳಿಬಿಡುತ್ತದೆ. ಹಾಗಾಗಿ ಅವರಿಂದ ನೆರಳನ್ನು ಮಾತ್ರ ತಗೊಳ್ಳಿ, ಕಣ್ಣು ಮೂಗು ಬೇಡ. ಫೋಟೋದಿಂದ ಮಾತ್ರ ಕಲಿತವರಿಗೆ ಎದುರು ಕೂತ ಮನುಷ್ಯನನ್ನು ಬರೆಯುವುದು ಭಯ ಹುಟ್ಟಿಸುತ್ತದೆ, ಆದರೆ ಅಲ್ಲೇ ಇರುವುದು ಲಾಭ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಬದಿ ಕೂತು ಸ್ವಲ್ಪ ಹೊತ್ತಿನಲ್ಲೇ ಮುಖ ಬರೆದುಕೊಡುವವರನ್ನು ನೋಡಿರಬಹುದು. ಎದುರು ಕೂತವರು ಅಲ್ಲಾಡುತ್ತಾರೆ, ನಗುತ್ತಾರೆ, ಬೇಜಾರಾಗುತ್ತಾರೆ. ಬರೆಯುವವರು ಅದರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಐಡಿ ಫೋಟೋ ನೋಡಿ ಬರೆಯುವಾಗ ನೀವು ಏನನ್ನೂ ಆರಿಸಬೇಕಾಗಿ ಬರಲಿಲ್ಲ.

ಆಮೇಲೆ ಪೋಸ್ಟ್‌ಕಾರ್ಡ್ ಅಳತೆಯ ಕಾಗದದಲ್ಲಿ ನಾಲ್ಕೈದು ಸಣ್ಣ ಚಿತ್ರ ಮಾಡಿ. ಕಪ್ಪು, ಬೂದು, ಬಿಳಿ, ಮೂರೇ ಮೂರು. ಕಣ್ಣು ಮೂಗು ಬರೆಯುವಂತಿಲ್ಲ. ತಲೆಯ ವಾಲು, ನೆರಳಿನ ಆಕಾರ, ಖಾಲಿ ಜಾಗ ಎಲ್ಲಿ, ಅಷ್ಟೇ. ಅಮ್ಮನ ಮುಂದೆ ಹರಡಿ, ‘ಅಪ್ಪ ಯಾವುದಮ್ಮ?’ ಅಂತ ಕೇಳಿ. ಮುಖವೇ ಇಲ್ಲದ ಚಿತ್ರದಲ್ಲಿ ಅವರು ಒಂದನ್ನು ಬೆರಳಿಟ್ಟು ತೋರಿಸಿದರೆ, ಅದನ್ನೇ ಕ್ಯಾನ್ವಾಸ್‌ಗೆ ಏರಿಸಿ.

ಮೊಬೈಲ್ ಆ್ಯಪ್‌ಗಳಲ್ಲಿ ಹಳೇ ಫೋಟೋ ಚೊಕ್ಕ ಮಾಡಿ, ನಗಿಸಿ ಕೊಡುವುದು ಈಗ ಸುಲಭ. ನೋಡಲು ಆಕರ್ಷಕ. ಆದರೆ ಆ ಆ್ಯಪ್‌ಗೆ ನಿಮ್ಮಪ್ಪ ಗೊತ್ತಿಲ್ಲ. ಇಲ್ಲದ ಹಲ್ಲು, ಇಲ್ಲದ ರೆಪ್ಪೆ, ಯಾರದೋ ನಗು ತಂದು ಕೂರಿಸುತ್ತದೆ. ಅದನ್ನು ನೋಡಿ ಬರೆದರೆ ಈಗ ಇರುವ ಹೋಲಿಕೆಯೂ ಹೋಗುತ್ತದೆ. ವೃತ್ತಿ ಕಲಾವಿದರಿಗೆ ಕೊಡುವುದೂ ಒಂದು ದಾರಿ. ಆದರೆ ಅವರಿಗೂ ನೀವು ಐಡಿ ಫೋಟೋ ಒಂದನ್ನೇ ಕೊಟ್ಟರೆ ಅವರು ನುಣುಪಾದ ಐಡಿ ಫೋಟೋ ವಾಪಸ್ ಕೊಡುತ್ತಾರೆ.

ಆಯಿಲ್ ಪೇಂಟ್ ಬಗ್ಗೆ ಕೊನೆಗೊಂದು ಮಾತು ಉಳಿದಿದೆ. ಅದು ನಿಧಾನ ಒಣಗುವುದರಿಂದ ಅಂಚು ಕರಗಿಸುವುದು ಸುಲಭ, ಅದಕ್ಕೇ ‘ಆಯಿಲ್‌ನಲ್ಲೇ ಭಾವ’ ಅನ್ನುವ ಹೆಸರು ಬಂದಿದೆ. ಅಕ್ರಿಲಿಕ್‌ಗೆ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಬೆರೆಸಿ, ಅಥವಾ ಒಣ ಬ್ರಷ್‌ನಿಂದ ತೆಳುವಾಗಿ ಉಜ್ಜಿ ಹತ್ತಿರ ಹತ್ತಿರ ಅದನ್ನೇ ಸಾಧಿಸಬಹುದು. ಆಯಿಲ್ ಚಿತ್ರಕ್ಕೆ ವಾರ್ನಿಷ್ ಹಾಕಲು ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯಬೇಕು. ನಿಮಗೆ ಅಷ್ಟು ಸಮಯ ಇಲ್ಲ.

ಚಿತ್ರ ಎಲ್ಲಿ ತೂಗುತ್ತೀರೋ ಆ ಗೋಡೆಯ ಬೆಳಕಿನಲ್ಲೇ ಆಗಾಗ ಇಟ್ಟು ನೋಡಿ. ಹಳದಿ ಬಲ್ಬಿನ ಕೆಳಗೆ ಹದವಾಗಿದ್ದ ಮೈಬಣ್ಣ ಬಿಳಿ ಎಲ್‌ಇಡಿ ಕೆಳಗೆ ಸಪ್ಪೆಯಾಗುತ್ತದೆ. ಹಾರ ಹಾಕುತ್ತೀರಿ ಅಲ್ವಾ? ಭುಜದ ವಾಲು ಪೂರ್ತಿ ಮುಚ್ಚಿಹೋಗದ ಹಾಗೆ ತಲೆಯನ್ನು ಸ್ವಲ್ಪ ಕೆಳಗೆ ಕೂರಿಸಿ, ಮೇಲೆ ಜಾಸ್ತಿ ಜಾಗ ಬಿಡಿ. ಹೊಳಪಿಲ್ಲದ ವಾರ್ನಿಷ್ ಹಾಕಿ, ಇಲ್ಲದಿದ್ದರೆ ದೀಪ ಹಚ್ಚಿದಾಗ ಮುಖವೇ ಕಾಣುವುದಿಲ್ಲ. ಕ್ಯಾನ್ವಾಸ್‌ಗೆ ಗಾಜು ಇರುವುದಿಲ್ಲ, ಆದ್ದರಿಂದ ಗಂಧ ಕುಂಕುಮ ಹಚ್ಚುವುದು ಫ್ರೇಮಿನ ಕಟ್ಟಿಗೆ ಮಾತ್ರ ಅಂತ ಮನೆಗೆ ಬರುವ ಅತ್ತೆ, ದೊಡ್ಡಮ್ಮಂದಿರಿಗೆ ಮೊದಲೇ ಹೇಳಿಡಿ.